ಗೈಗರ್ ನಳಿಕೆಗೆ 400 ವೋಲ್ಟ್: ಮಲೆನಾಡಿನ ಮಳೆಗಾಲಕ್ಕೂ ಒಗ್ಗುವ ಮಿತವ್ಯಯದ ಬೂಸ್ಟ್ ಸರ್ಕ್ಯೂಟ್

ತೀರ್ಥಹಳ್ಳಿಯ ಮನೆಯಲ್ಲಿ ನಾನು ಕಟ್ಟಿದ ಮೊದಲ ವಿಕಿರಣ ಮಾಪಕ ಬೇಸಿಗೆಯಿಡೀ ಮೂರು ಸೆಲ್‌ಗಳಲ್ಲಿ ನೆಮ್ಮದಿಯಾಗಿ ನಡೆದಿತ್ತು. ಅದರ ಹೃದಯ ಗೈಗರ್ ನಳಿಕೆ, ಅಂದರೆ ವಿಕಿರಣ ತಗುಲಿದಾಗಲೆಲ್ಲ ಒಂದು ವಿದ್ಯುತ್ ಪಲ್ಸ್ ಕೊಡುವ ಅನಿಲ ತುಂಬಿದ ಕೊಳವೆ. ಸೆಲ್‌ಗಳ ಕೆಲವೇ ವೋಲ್ಟನ್ನು ಅದಕ್ಕೆ ಬೇಕಾದ 400 ವೋಲ್ಟಿಗೆ ಏರಿಸುವುದು ಬೂಸ್ಟ್ ಸರ್ಕ್ಯೂಟಿನ ಕೆಲಸ. ಪುನರ್ವಸು ಮಳೆ ಹಿಡಿದ ಮೇಲೆ, ಅಷ್ಟೇ ತುಂಬಿಸಿದ ಅದೇ ಸೆಲ್‌ಗಳು ಎರಡು ವಾರವೂ ಬಾಳಲಿಲ್ಲ. ಮೊದಲು ಸೆಲ್‌ಗಳನ್ನು ಶಂಕಿಸಿದೆ, ಆಮೇಲೆ ಇಂಡಕ್ಟರನ್ನು (ತಂತಿಯ ಸುರುಳಿಯನ್ನು) ಬದಲಿಸಿದೆ, ಕೊನೆಗೆ ಪ್ರೋಗ್ರಾಮನ್ನೂ ತಿದ್ದಿದೆ. ತಪ್ಪು ಇವುಗಳಲ್ಲಿ ಯಾವುದರಲ್ಲೂ ಇರಲಿಲ್ಲ. ಬೆಸುಗೆ ಹಾಕಿದ ಬಳಿಕ ಬೋರ್ಡಿನ ಮೇಲೆ ಉಳಿದಿದ್ದ ಫ್ಲಕ್ಸ್ (ಬೆಸುಗೆ ಚೆನ್ನಾಗಿ ಹಿಡಿಯಲೆಂದು ಬಳಸುವ ರಾಳ) ತೇವ ಹೀರಿಕೊಂಡು, 400 ವೋಲ್ಟಿನ ಗೆರೆಯಿಂದ ನೆಲದ ಗೆರೆಗೆ (ಬ್ಯಾಟರಿಯ ಋಣ ತುದಿಗೆ ಸೇರಿದ ಗೆರೆಗೆ) ಕಣ್ಣಿಗೆ ಕಾಣದ ದಾರಿಯೊಂದನ್ನು ಮಾಡಿಕೊಟ್ಟಿತ್ತು. ಈ ಬಗೆಯ ಸರ್ಕ್ಯೂಟಿನಲ್ಲಿ ಬ್ಯಾಟರಿಯನ್ನು ತಿನ್ನುವುದು ವಿಕಿರಣ ನಳಿಕೆಯಲ್ಲ, ಸೋರಿಕೆ. ವಿನ್ಯಾಸದ ಪ್ರತಿ ಹೆಜ್ಜೆಯಲ್ಲೂ ಸೋರಿಕೆಯನ್ನು ಹುಡುಕಿ ಮುಚ್ಚುತ್ತಾ ಹೋಗುವ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ. ಮಳೆಗಾಲಕ್ಕೆ ಮುಂಚೆ ಹಂಚು ಕೈಯಾಡಿಸುವ ಕೆಲಸವನ್ನು ಕಂಡವರಿಗೆ ಇದು ಹೊಸದೆನಿಸಲಾರದು.

ಉದಾಹರಣೆಗೆ ಎಸ್‌ಬಿಎಂ-20 ಎಂಬ ಸೋವಿಯತ್ ಕಾಲದ ನಳಿಕೆಯನ್ನು ತೆಗೆದುಕೊಳ್ಳುತ್ತೇನೆ. ಹವ್ಯಾಸಿಗಳ ಕೈಗೆ ಸಿಗುವ ನಳಿಕೆಗಳಲ್ಲಿ ಇದು ಬಹಳ ಪರಿಚಿತ. ಇದು ಸಾಮಾನ್ಯವಾಗಿ 400 ವೋಲ್ಟಿನಲ್ಲಿ ಕೆಲಸ ಮಾಡುತ್ತದೆ. 350ರಿಂದ 475 ವೋಲ್ಟ್‌ವರೆಗೆ ನಡೆಸಬಹುದು. ಬೇರೆ ನಳಿಕೆಯಿದ್ದರೆ ಅಂಕಿಗಳು ಬದಲಾಗುತ್ತವೆ, ಲೆಕ್ಕದ ಕ್ರಮ ಬದಲಾಗುವುದಿಲ್ಲ.

ಮೊದಲು ಎಚ್ಚರಿಕೆಯ ಮಾತು

10 ನ್ಯಾನೋಫ್ಯಾರಡ್ ಕೆಪಾಸಿಟರ್ 400 ವೋಲ್ಟಿನಲ್ಲಿ 0.8 ಮಿಲಿಜೂಲ್ ಶಕ್ತಿಯನ್ನು ಹಿಡಿದಿಡುತ್ತದೆ. ಕೈ ತಗುಲಿದರೆ ಬೆಚ್ಚಿ ಬೀಳುತ್ತೀರಿ. ಆರೋಗ್ಯವಂತರಿಗೆ ಅದಕ್ಕಿಂತ ಹೆಚ್ಚಿನದಾಗುವ ಸಂಭವ ಕಡಿಮೆ. ಆದರೆ ವೋಲ್ಟೇಜ್ ಇನ್ನಷ್ಟು ಸ್ಥಿರವಾಗಲೆಂದು ಅಲ್ಲಿ 1 ಮೈಕ್ರೊಫ್ಯಾರಡ್ ಹಾಕಿದರೆ ಶಕ್ತಿ ನೂರು ಪಟ್ಟಾಗುತ್ತದೆ, ಆಟದ ಮಾತು ಅಲ್ಲಿಗೆ ಮುಗಿಯುತ್ತದೆ. ಕೊನೆಯ ಕೆಪಾಸಿಟರನ್ನು 10 ನ್ಯಾನೋಫ್ಯಾರಡ್‌ಗಿಂತ ದೊಡ್ಡದು ಮಾಡುವ ಅಗತ್ಯ ಈ ಕೆಲಸದಲ್ಲಿಲ್ಲ. ಹಳೆಯ ಕ್ಯಾಮೆರಾದ ಫ್ಲಾಶ್ ಸರ್ಕ್ಯೂಟನ್ನು ಬಿಚ್ಚಿ ಬಳಸುವ ಆಸೆಯಿದ್ದರೆ ಬಿಟ್ಟುಬಿಡಿ. ಅದರ ಕೆಪಾಸಿಟರ್ ಅಪಾಯಕಾರಿ; ಅಲ್ಲದೆ ಆ ಸರ್ಕ್ಯೂಟ್ ಬ್ಯಾಟರಿಯನ್ನು ಉಳಿಸಲೆಂದು ರೂಪಿಸಿದ್ದೂ ಅಲ್ಲ.

ಹೆಜ್ಜೆ 1: ನಳಿಕೆಗೆ ನಿಜವಾಗಿ ಎಷ್ಟು ಬೇಕು?

ನಮ್ಮ ಸುತ್ತಲಿನ ಸಹಜ ಹಿನ್ನೆಲೆ ವಿಕಿರಣದಲ್ಲಿ ಎಸ್‌ಬಿಎಂ-20 ನಿಮಿಷಕ್ಕೆ ಸುಮಾರು 25 ಎಣಿಕೆ ಕೊಡುತ್ತದೆಂದು ಇಟ್ಟುಕೊಳ್ಳೋಣ. ಒಂದು ಎಣಿಕೆಗೆ ನಳಿಕೆ ಬಳಸುವ ವಿದ್ಯುದಾವೇಶ 10 ನ್ಯಾನೋಕೂಲಂಬ್ ಎಂದು ಉದಾರವಾಗಿಯೇ ಲೆಕ್ಕ ಹಿಡಿದರೂ ಸರಾಸರಿ ಪ್ರವಾಹ ಸುಮಾರು 4 ನ್ಯಾನೋಆಂಪಿಯರ್ ಆಗುತ್ತದೆ. 400 ವೋಲ್ಟಿನಿಂದ ಗುಣಿಸಿದರೆ 2 ಮೈಕ್ರೊವಾಟ್‌ಗೂ ಕಡಿಮೆ. ಇಷ್ಟೇ ನಳಿಕೆಯ ಹಸಿವು.

ಇನ್ನು 400 ವೋಲ್ಟನ್ನು ಅಳೆದು ನಿಯಂತ್ರಿಸಲು ಹಾಕುವ ವೋಲ್ಟೇಜ್ ಡಿವೈಡರನ್ನು (ದೊಡ್ಡ ವೋಲ್ಟೇಜಿನ ಸಣ್ಣ ಪಾಲನ್ನು ಕೊಡುವ ರೆಸಿಸ್ಟರುಗಳ ಜೋಡಿಯನ್ನು) ನೋಡಿ. ಹಲವು ನಕ್ಷೆಗಳಲ್ಲಿ ಇದರ ಮೇಲಿನ ರೆಸಿಸ್ಟರ್ 10 ಮೆಗಾಓಮ್ ಇರುತ್ತದೆ. ಅದರ ಮೂಲಕ 40 ಮೈಕ್ರೊಆಂಪಿಯರ್ ಹರಿದು 16 ಮಿಲಿವಾಟ್ ಹಾಳಾಗುತ್ತದೆ. ನಳಿಕೆ ತಿನ್ನುವುದಕ್ಕಿಂತ ಕಾವಲುಗಾರ ತಿನ್ನುವುದು ಎಂಟು ಸಾವಿರ ಪಟ್ಟಿಗೂ ಹೆಚ್ಚು! ಅದೇ ಜಾಗದಲ್ಲಿ 1 ಗಿಗಾಓಮ್ ಹಾಕಿದರೆ ವ್ಯಯ 160 ಮೈಕ್ರೊವಾಟ್‌ಗೆ ಇಳಿಯುತ್ತದೆ. ಡಯೋಡ್, ಕೆಪಾಸಿಟರ್ ಮತ್ತು ಬೋರ್ಡಿನ ಸೋರಿಕೆಗೆಂದು ಇನ್ನೊಂದು 40 ಮೈಕ್ರೊವಾಟ್ ಸೇರಿಸಿ, ಒಟ್ಟು 200 ಮೈಕ್ರೊವಾಟನ್ನು ನಮ್ಮ ಬಜೆಟ್ ಎಂದು ಬರೆದಿಟ್ಟುಕೊಳ್ಳಿ. ಮುಂದಿನ ಲೆಕ್ಕವೆಲ್ಲ ಈ ಅಂಕಿಯ ಮೇಲೆಯೇ ನಿಂತಿದೆ.

ವಿಕಿರಣ ಜಾಸ್ತಿಯಿರುವ ಜಾಗದಲ್ಲಿ ಸೆಕೆಂಡಿಗೆ 1,000 ಎಣಿಕೆ ಬಂದರೆ ನಳಿಕೆಗೇ 4 ಮಿಲಿವಾಟ್ ಬೇಕಾಗುತ್ತದೆ. ಸರ್ಕ್ಯೂಟಿಗೆ ಅಗತ್ಯ ಬಿದ್ದಾಗ ಅಷ್ಟು ಕೊಡುವ ತ್ರಾಣ ಇರಬೇಕು, ಉಳಿದ ಹೊತ್ತು ಅದು ನಿದ್ರಿಸಬೇಕು. ಹಾಗಾಗಿ ಸದಾ ಓಡುವ ಆಸಿಲೇಟರ್ ಇಲ್ಲಿ ಸಲ್ಲದು.

ಹೆಜ್ಜೆ 2: ವೋಲ್ಟೇಜ್ ಎಷ್ಟು ನಿಖರವಾಗಿರಬೇಕು?

ಹೊಸಬರು ಹೆಚ್ಚಾಗಿ ಎಡವುವುದು ಇಲ್ಲಿ. 400 ವೋಲ್ಟ್ ಅಂದರೆ 400ಕ್ಕೇ ನಿಲ್ಲಬೇಕೆಂದುಕೊಂಡು ನಿಯಂತ್ರಣಕ್ಕಾಗಿ ಬ್ಯಾಟರಿಯನ್ನು ಸುರಿಯುತ್ತಾರೆ. ಗೈಗರ್ ನಳಿಕೆಯ ಸೊಗಸು ಇರುವುದೇ ಅದರ ಸಮತಟ್ಟು ಪ್ರದೇಶದಲ್ಲಿ: ಒಂದು ಮಿತಿಯೊಳಗೆ ವೋಲ್ಟೇಜ್ ಏರಿದರೂ ಇಳಿದರೂ ಎಣಿಕೆ ಬಹುತೇಕ ಅಷ್ಟೇ ಇರುತ್ತದೆ. ಎಸ್‌ಬಿಎಂ-20ರಲ್ಲಿ ಈ ಪ್ರದೇಶ ಕನಿಷ್ಠ 100 ವೋಲ್ಟ್ ಅಗಲವಿದ್ದು, ಅದರ ಇಳಿಜಾರು ವೋಲ್ಟಿಗೆ ಹೆಚ್ಚೆಂದರೆ ಶೇಕಡಾ 0.1. ಅಂದರೆ ವೋಲ್ಟೇಜ್ 10 ವೋಲ್ಟ್ ಅಲುಗಾಡಿದರೆ ಎಣಿಕೆಯಲ್ಲಿ ಆಗುವ ವ್ಯತ್ಯಾಸ ಶೇಕಡಾ 1ರಷ್ಟು.

ಇದನ್ನು ಎಣಿಕೆಯ ಸಹಜ ಏರಿಳಿತದ ಪಕ್ಕದಲ್ಲಿಟ್ಟು ನೋಡಿ. ನಿಮಿಷಕ್ಕೆ 25 ಎಣಿಕೆ ಬರುವಲ್ಲಿ 25ರ ವರ್ಗಮೂಲವಾದ 5ರಷ್ಟು ಏರಿಳಿತ ವಿಕಿರಣದ ಸ್ವಭಾವದಲ್ಲೇ ಇದೆ; ಅದು ಶೇಕಡಾ 20. ಹತ್ತು ನಿಮಿಷ ಎಣಿಸಿದರೂ ಶೇಕಡಾ 6 ಉಳಿಯುತ್ತದೆ. ಹೀಗಿರುವಾಗ 10 ವೋಲ್ಟಿನ ಏರಿಳಿತಕ್ಕೆ ಹೆದರುವುದು ಜಡಿಮಳೆಯಲ್ಲಿ ನಿಂತು ಬೆವರು ಒರೆಸಿಕೊಂಡಂತೆ. 395ಕ್ಕೆ ಇಳಿದಾಗ ತುಂಬಿಸು, 405ಕ್ಕೆ ಏರಿದಾಗ ನಿಲ್ಲಿಸು. ಈ ಧಾರಾಳತನವೇ ನಮಗೆ ಸಿಗುವ ಉಳಿತಾಯ.

ಹೆಜ್ಜೆ 3: ಒಂದೇ ಜಿಗಿತವೇ, ಮೂರು ಮೆಟ್ಟಿಲೇ?

ಬೂಸ್ಟ್ ಸರ್ಕ್ಯೂಟಿನ ತತ್ತ್ವ ಸರಳ. ಇಲ್ಲಿ ಸ್ವಿಚ್ಚಾಗಿ ಕೆಲಸ ಮಾಡುವ ಟ್ರಾನ್ಸಿಸ್ಟರನ್ನು ಒತ್ತಿದಾಗ ಇಂಡಕ್ಟರಿನಲ್ಲಿ ಪ್ರವಾಹ ಏರುತ್ತದೆ. ಬಿಟ್ಟೊಡನೆ ಆ ಪ್ರವಾಹ ಹೋಗಲು ದಾರಿ ಹುಡುಕುತ್ತಾ ವೋಲ್ಟೇಜನ್ನು ಮೇಲಕ್ಕೆಸೆದು ಡಯೋಡ್ ಮೂಲಕ ಕೆಪಾಸಿಟರಿಗೆ ನುಗ್ಗುತ್ತದೆ. ಪ್ರತಿ ಬಾರಿ ಇಂಡಕ್ಟರ್ ಹೊತ್ತು ತರುವ ಶಕ್ತಿ, ಅದರ ಇಂಡಕ್ಟೆನ್ಸನ್ನು ಪ್ರವಾಹದ ವರ್ಗದಿಂದ ಗುಣಿಸಿ ಅರ್ಧ ಮಾಡಿದಷ್ಟು.

1 ಮಿಲಿಹೆನ್ರಿ ಇಂಡಕ್ಟರಿನಲ್ಲಿ 60 ಮಿಲಿಆಂಪಿಯರ್ ಹರಿದಾಗ ಈ ಶಕ್ತಿ 1.8 ಮೈಕ್ರೊಜೂಲ್. ನಮ್ಮ 200 ಮೈಕ್ರೊವಾಟ್ ಬಜೆಟ್ಟಿಗೆ ಸೆಕೆಂಡಿಗೆ ನೂರಿಪ್ಪತ್ತು ಪಲ್ಸ್ (ಒಮ್ಮೆ ಒತ್ತಿ ಬಿಟ್ಟರೆ ಒಂದು ಪಲ್ಸ್) ಸಾಕೆಂದು ತೋರುತ್ತದೆ. ಕಟ್ಟಿ ನೋಡಿದರೆ ಮಾತ್ರ 400 ವೋಲ್ಟ್ ಬರುವುದೇ ಇಲ್ಲ; ಇನ್ನೂರು ಚಿಲ್ಲರೆಗೆ ನಿಂತುಬಿಡುತ್ತದೆ. ಪಲ್ಸ್ ಎಷ್ಟೇ ಹೆಚ್ಚಿಸಿದರೂ ಅಲ್ಲಿಂದ ಕದಲುವುದಿಲ್ಲ.

ಕಾರಣ ಇದು. ಟ್ರಾನ್ಸಿಸ್ಟರ್, ಇಂಡಕ್ಟರ್ ಸುರುಳಿ, ಡಯೋಡ್ ಮತ್ತು ಬೋರ್ಡಿನ ಗೆರೆ ಎಲ್ಲವೂ ಸೇರಿ ಆ ಬಿಂದುವಿನಲ್ಲಿ ಒಂದು ಅಡಗು ಕೆಪಾಸಿಟರ್ ಆಗಿರುತ್ತವೆ. ಅದು ಒಟ್ಟು 70 ಪೈಕೋಫ್ಯಾರಡ್ ಎಂದಿಟ್ಟುಕೊಳ್ಳಿ. ಪ್ರತಿ ಪಲ್ಸ್‌ನಲ್ಲೂ ಅದನ್ನು ಮೊದಲು 400 ವೋಲ್ಟಿಗೆ ತುಂಬಿಸಬೇಕು, ಆಮೇಲೆಯೇ ಡಯೋಡ್ ತೆರೆಯುತ್ತದೆ. ಅದನ್ನು ತುಂಬಿಸಲು ಬೇಕಾದ ಶಕ್ತಿ 5.6 ಮೈಕ್ರೊಜೂಲ್, ನಮ್ಮ ಕೈಯಲ್ಲಿರುವುದು 1.8. ಇಂಡಕ್ಟೆನ್ಸನ್ನು ಅಡಗು ಕೆಪಾಸಿಟೆನ್ಸ್‌ನಿಂದ ಭಾಗಿಸಿ, ವರ್ಗಮೂಲ ತೆಗೆದು, ಗರಿಷ್ಠ ಪ್ರವಾಹದಿಂದ ಗುಣಿಸಿದರೆ ಏರಬಹುದಾದ ವೋಲ್ಟೇಜಿನ ಮಿತಿ ಸಿಗುತ್ತದೆ. ಇಲ್ಲಿ ಅದು ಸುಮಾರು 227 ವೋಲ್ಟ್. ಬಿಡಿಭಾಗ ಕೊಳ್ಳುವ ಮುಂಚೆ ಈ ಒಂದು ಲೆಕ್ಕ ಮಾಡಿದ್ದರೆ ನನ್ನ ಎರಡು ಭಾನುವಾರ ಉಳಿಯುತ್ತಿದ್ದವು.

ಪರಿಹಾರ ಎರಡಿವೆ. ಇಂಡಕ್ಟರನ್ನು 4.7 ಮಿಲಿಹೆನ್ರಿಗೆ ಏರಿಸಿದರೆ ಮಿತಿ 490 ವೋಲ್ಟಿನ ಆಸುಪಾಸಿಗೆ ಹೋಗುತ್ತದೆ. ಆದರೂ ಪ್ರತಿ ಪಲ್ಸ್‌ನ 8.5 ಮೈಕ್ರೊಜೂಲ್‌ಗಳಲ್ಲಿ 5.6 ಅಡಗು ಕೆಪಾಸಿಟರಿನ ಪಾಲಾಗಿ ಮೂರನೇ ಒಂದು ಭಾಗವಷ್ಟೇ ಮುಂದೆ ಹೋಗುತ್ತದೆ. ನಾನು ಇಷ್ಟಪಡುವುದು ಎರಡನೆಯ ದಾರಿಯನ್ನು: ಬೂಸ್ಟ್‌ನಿಂದ 133 ವೋಲ್ಟ್ ಮಾತ್ರ ಎತ್ತಿ, ಡಯೋಡ್ ಮತ್ತು ಕೆಪಾಸಿಟರ್‌ಗಳ ಮಲ್ಟಿಪ್ಲೈಯರ್‌ನಿಂದ ಅದನ್ನು ಮೂರು ಪಟ್ಟು ಮಾಡುವುದು. 1932ರಲ್ಲಿ ಕಾಕ್‌ಕ್ರಾಫ್ಟ್ ಮತ್ತು ವಾಲ್ಟನ್ ಲಿಥಿಯಂ ಪರಮಾಣು ಬೀಜವನ್ನು ಒಡೆಯಲು ಬೇಕಾದ ಭಾರೀ ವೋಲ್ಟೇಜನ್ನು ಪಡೆದದ್ದು ಇದೇ ಮೆಟ್ಟಿಲು ಸರ್ಕ್ಯೂಟಿನಿಂದ. ವೋಲ್ಟೇಜ್ ಮೂರನೇ ಒಂದಕ್ಕೆ ಇಳಿದಾಗ ಅಡಗು ಕೆಪಾಸಿಟರಿನ ನಷ್ಟ ಒಂಬತ್ತನೇ ಒಂದಕ್ಕೆ, ಅಂದರೆ ಸುಮಾರು 0.6 ಮೈಕ್ರೊಜೂಲ್‌ಗೆ ಇಳಿಯುತ್ತದೆ. 1.8ರಲ್ಲಿ 1.2 ಮೈಕ್ರೊಜೂಲ್ ಮುಂದೆ ಸಾಗುತ್ತದೆ. 1 ಮಿಲಿಹೆನ್ರಿ ಇಂಡಕ್ಟರೇ ಸಾಕಾಗುತ್ತದೆ.

ಜೋಡಣೆ ಹೀಗಿರಲಿ. ಬೂಸ್ಟ್‌ನ ಮೊದಲ ಡಯೋಡ್ ಮತ್ತು ಕೆಪಾಸಿಟರ್ 133 ವೋಲ್ಟ್ ಕೊಡುತ್ತವೆ. ಅದರ ಮೇಲೆ ತಲಾ ಎರಡು ಡಯೋಡ್ ಮತ್ತು ಎರಡು ಕೆಪಾಸಿಟರ್ ಇರುವ ಎರಡು ಮೆಟ್ಟಿಲು. ಒಟ್ಟು ಐದು ಡಯೋಡ್, ಐದು 10 ನ್ಯಾನೋಫ್ಯಾರಡ್ ಕೆಪಾಸಿಟರ್. ಎಲ್ಲಕ್ಕೂ ಕೊನೆಯಲ್ಲಿ, 400 ವೋಲ್ಟ್ ಮತ್ತು ನೆಲದ ನಡುವೆ, 630 ವೋಲ್ಟ್ ತಾಳುವ 10 ನ್ಯಾನೋಫ್ಯಾರಡ್‌ನ ಇನ್ನೊಂದು ಕೆಪಾಸಿಟರ್ ಇರಲಿ. ಸೊನ್ನೆಯಿಂದ 400ಕ್ಕೆ ಏರಲು ಇವೆಲ್ಲಕ್ಕೂ ಸೇರಿ ಸುಮಾರು 1.25 ಮಿಲಿಜೂಲ್, ಅಂದರೆ ಒಂದು ಸಾವಿರದಷ್ಟು ಪಲ್ಸ್ ಬೇಕಾಗುತ್ತದೆ.

ಹೆಜ್ಜೆ 4: ಬಿಡಿಭಾಗಗಳನ್ನು ಆರಿಸುವುದು

ಬ್ಯಾಟರಿಗೆ ಮೂರು ಎಎ ಅಳತೆಯ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ ಇಡುತ್ತೇನೆ. ಶಿವಮೊಗ್ಗದಲ್ಲೂ ಸಿಗುತ್ತವೆ, ಕರೆಂಟ್ ಹೋದ ದಿನಗಳಲ್ಲಿ ಸಾಮಾನ್ಯ ಸೆಲ್ ಹಾಕಿಯೂ ನಡೆಸಬಹುದು. ಖಾಲಿಯಾಗುವ ಹೊತ್ತಿಗೆ ಮೂರೂ ಸೇರಿ 3 ವೋಲ್ಟ್ ಆಗುವುದರಿಂದ ಲೆಕ್ಕಕ್ಕೆ ಅದನ್ನೇ ಹಿಡಿಯಬೇಕು. 1 ಮಿಲಿಹೆನ್ರಿಯಲ್ಲಿ ಪ್ರವಾಹ 60 ಮಿಲಿಆಂಪಿಯರ್‌ಗೆ ಏರಲು 3 ವೋಲ್ಟಿನಲ್ಲಿ 20 ಮೈಕ್ರೊಸೆಕೆಂಡ್ ಸಾಕು. ಆದರೆ ಸೆಲ್‌ಗಳು ಪೂರ್ತಿ ತುಂಬಿ 4.2 ವೋಲ್ಟ್ ಇದ್ದಾಗ ಅದೇ 20 ಮೈಕ್ರೊಸೆಕೆಂಡಿನಲ್ಲಿ ಪ್ರವಾಹ 84 ಮಿಲಿಆಂಪಿಯರ್ ಮುಟ್ಟುತ್ತದೆ. ಆದ್ದರಿಂದ 150 ಮಿಲಿಆಂಪಿಯರ್‌ವರೆಗೆ ತಿರುಳು ದಣಿಯದ (ಸ್ಯಾಚುರೇಟ್ ಆಗದ) ಫೆರೈಟ್ ಇಂಡಕ್ಟರನ್ನು ಆರಿಸಿ. ದಣಿಯುತ್ತದೆಯೋ ಇಲ್ಲವೋ ಎಂಬುದನ್ನು ನೀವೇ ನೋಡಬಹುದು: ಟ್ರಾನ್ಸಿಸ್ಟರಿನ ಕೆಳಗೆ 1 ಓಮ್ ರೆಸಿಸ್ಟರ್ ಇಟ್ಟು ಆಸಿಲೋಸ್ಕೋಪ್ ಹಚ್ಚಿ. ಪ್ರವಾಹದ ಗೆರೆ ನೇರವಾಗಿ ಏರುತ್ತಾ ಕೊನೆಯಲ್ಲಿ ಒಮ್ಮೆಲೇ ಕಡಿದಾದರೆ ತಿರುಳು ದಣಿದಿದೆ ಎಂದರ್ಥ.

ಟ್ರಾನ್ಸಿಸ್ಟರ್ ವಿಷಯದಲ್ಲಿ ಅಂಗಡಿಯವರು ಧಾರಾಳವಾಗಿ ಕೊಡುವ ಐಆರ್‌ಎಫ್840ನ್ನು ದಯವಿಟ್ಟು ಬೇಡವೆನ್ನಿ. 500 ವೋಲ್ಟ್ ತಾಳುತ್ತದೆ ನಿಜ. ಆದರೆ ಅದರ ಗೇಟ್ (ಅದನ್ನು ನಿಯಂತ್ರಿಸುವ ಕಾಲು) ಪೂರ್ತಿ ತೆರೆಯಲು 10 ವೋಲ್ಟ್ ಬೇಕು, 3 ವೋಲ್ಟಿಗೆ ಅದು ಕಣ್ಣೇ ಬಿಡುವುದಿಲ್ಲ. ಮೇಲಾಗಿ ಅದರ ಒಳಗಿನ ಕೆಪಾಸಿಟೆನ್ಸ್ ನೂರಾರು ಪೈಕೋಫ್ಯಾರಡ್. ಮೆಟ್ಟಿಲು ಸರ್ಕ್ಯೂಟಿನ ಇನ್ನೊಂದು ಲಾಭ ಇಲ್ಲಿ ಕಾಣುತ್ತದೆ: 133 ವೋಲ್ಟಿಗೆ 240 ವೋಲ್ಟ್ ತಾಳುವ, 2.5 ವೋಲ್ಟಿನ ಗೇಟಿಗೇ ಚೆನ್ನಾಗಿ ತೆರೆಯುವ ಝಡ್‌ವಿಎನ್4424ನಂಥ ಸಣ್ಣ ಮಾಸ್‌ಫೆಟ್ ಸಾಕು. ಅದು ಸಿಗದಿದ್ದರೆ 300 ವೋಲ್ಟಿನ ಎಂಪಿಎಸ್‌ಎ42 ಟ್ರಾನ್ಸಿಸ್ಟರನ್ನೂ ಬಳಸಬಹುದು. ಅದರ ಬೇಸ್‌ಗೆ ಪ್ರತಿ ಪಲ್ಸ್‌ನಲ್ಲೂ ಕೆಲವು ಮಿಲಿಆಂಪಿಯರ್ ಕೊಡಬೇಕಾಗುತ್ತದೆಂಬುದನ್ನು ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಗೇಟನ್ನು ಮೈಕ್ರೊಕಂಟ್ರೋಲರಿನ (ಪ್ರೋಗ್ರಾಮ್ ನಡೆಸಿ ಪಲ್ಸ್ ಕೊಡುವ ಚಿಪ್ಪಿನ) ಪಿನ್ನಿಗೆ ನೇರವಾಗಿ ಜೋಡಿಸಬೇಡಿ. ಪ್ರೋಗ್ರಾಮ್ ಎಲ್ಲಾದರೂ ಸಿಕ್ಕಿಬಿದ್ದು ಪಿನ್ನಿನ ವೋಲ್ಟೇಜ್ ಮೇಲೆಯೇ ಉಳಿದರೆ ಇಂಡಕ್ಟರಿನ ಕೆಲವೇ ಓಮ್ ತಂತಿ ಬ್ಯಾಟರಿಯ ಎರಡು ತುದಿಗಳ ನಡುವೆ ಬಿದ್ದಂತಾಗುತ್ತದೆ. ನಡುವೆ 10 ನ್ಯಾನೋಫ್ಯಾರಡ್ ಕೆಪಾಸಿಟರ್ ಹಾಕಿ, ಗೇಟಿನಿಂದ ನೆಲಕ್ಕೆ 100 ಕಿಲೋಓಮ್ ಮತ್ತು ತಿರುಗಿಸಿ ಹಿಡಿದ ಒಂದು ಸಣ್ಣ ಡಯೋಡ್ ಕೊಟ್ಟರೆ, ಪಿನ್ ಎಲ್ಲೇ ನಿಂತರೂ ಕೆಲವು ಮಿಲಿಸೆಕೆಂಡಿನೊಳಗೆ ಗೇಟ್ ತಾನಾಗಿ ಮುಚ್ಚುತ್ತದೆ.

ಡಯೋಡ್‌ಗೆ ಎಲ್ಲರ ಮನೆಯಲ್ಲೂ ಇರುವ 1ಎನ್4007 ಬೇಡ. ಅದು 50 ಹರ್ಟ್ಸ್‌ಗೆಂದು ಮಾಡಿದ ನಿಧಾನದ ಡಯೋಡ್. ಮುಚ್ಚಿಕೊಳ್ಳಲು ಮೈಕ್ರೊಸೆಕೆಂಡುಗಳನ್ನೇ ತೆಗೆದುಕೊಳ್ಳುತ್ತದೆ. ನಮ್ಮ ಇಂಡಕ್ಟರ್ ಖಾಲಿಯಾಗುವುದು ಅರ್ಧ ಮೈಕ್ರೊಸೆಕೆಂಡಿನ ಒಳಗೆ. ಅಷ್ಟರಲ್ಲಿ ಬಂದದ್ದು ವಾಪಸು ಹೋಗಿಬಿಟ್ಟಿರುತ್ತದೆ. ಬಿಎವಿ21 ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. 50 ನ್ಯಾನೋಸೆಕೆಂಡಿನಲ್ಲಿ ಮುಚ್ಚುತ್ತದೆ, ಸೋರಿಕೆ ಕಡಿಮೆ. ಯುಎಫ್4007 ಕೂಡ ಆದೀತು. ಕೆಪಾಸಿಟರ್‌ಗಳು ಫಿಲ್ಮ್ ಬಗೆಯವಾಗಿದ್ದರೆ ಉತ್ತಮ. ಎಕ್ಸ್7ಆರ್ ಸೆರಾಮಿಕ್ ಆದರೆ ವೋಲ್ಟೇಜ್ ಏರಿದಂತೆ ಅದರ ಕೆಪಾಸಿಟೆನ್ಸ್ ಕುಗ್ಗುತ್ತದೆಂಬುದು ನೆನಪಿರಲಿ. ಎಲೆಕ್ಟ್ರೊಲಿಟಿಕ್ ಕೆಪಾಸಿಟರ್ ಈ ಬದಿಗೆ ಸುಳಿಯಲೂ ಬಾರದು, ಅದರ ಸೋರಿಕೆಯೊಂದೇ ನಮ್ಮ ಬಜೆಟ್ಟನ್ನು ನುಂಗುತ್ತದೆ.

ಹೆಜ್ಜೆ 5: 400 ಬಂತೆಂದು ಹೇಗೆ ತಿಳಿಯುವುದು?

1 ಗಿಗಾಓಮ್ ಮೇಲೆ, 3 ಮೆಗಾಓಮ್ ಕೆಳಗೆ ಇಟ್ಟರೆ 400 ವೋಲ್ಟಿಗೆ ಸುಮಾರು 1.2 ವೋಲ್ಟ್ ಸಿಗುತ್ತದೆ. ಅದನ್ನು ಕಂಪ್ಯಾರೇಟರಿಗೆ (ಎರಡು ವೋಲ್ಟೇಜುಗಳಲ್ಲಿ ಯಾವುದು ಹೆಚ್ಚೆಂದು ಹೇಳುವ ಚಿಪ್ಪಿಗೆ) ಕೊಟ್ಟು ಒಂದು ಸ್ಥಿರ ವೋಲ್ಟೇಜಿನೊಂದಿಗೆ ಹೋಲಿಸಬೇಕು. ಒಂದೇ ರೆಸಿಸ್ಟರಿನಲ್ಲಿ 1 ಗಿಗಾಓಮ್ ಸಿಕ್ಕರೂ ಅದಕ್ಕೆ 400 ವೋಲ್ಟ್ ತಾಳುವ ಶಕ್ತಿ ಇದೆಯೇ ಎಂದು ನೋಡಿ. ಕಾಲು ವಾಟಿನ ಸಾಧಾರಣ ರೆಸಿಸ್ಟರ್ ತಾಳುವುದು 250 ವೋಲ್ಟ್. ನಾನು ಹತ್ತು 100 ಮೆಗಾಓಮ್‌ಗಳನ್ನು ಸಾಲಾಗಿ ಜೋಡಿಸುತ್ತೇನೆ.

ಈ ಡಿವೈಡರ್‌ನಲ್ಲಿ ಹರಿಯುವುದು ಕೇವಲ 0.4 ಮೈಕ್ರೊಆಂಪಿಯರ್. ಆದ್ದರಿಂದ ಕಂಪ್ಯಾರೇಟರಿನ ಪಿನ್ ತಾನೇ ಎಳೆದುಕೊಳ್ಳುವ ಪ್ರವಾಹ ನಗಣ್ಯವಾಗಿರಬೇಕು. ಮೈಕ್ರೊಕಂಟ್ರೋಲರಿನ ಮಾಮೂಲಿ ಪಿನ್ನುಗಳಿಗೆ ತಯಾರಕರು ಗರಿಷ್ಠ 1 ಮೈಕ್ರೊಆಂಪಿಯರ್ ಸೋರಿಕೆ ಎಂದು ಬರೆದಿರುವುದುಂಟು. ಅಷ್ಟಾದರೆ ಅಳತೆಗೆ ಅರ್ಥವೇ ಇಲ್ಲ. ಎಂಸಿಪಿ6541ನಂಥ ಕಂಪ್ಯಾರೇಟರ್ ಪಿನ್ನಿನಲ್ಲಿ ಪೈಕೋಆಂಪಿಯರ್ ಮಟ್ಟದಲ್ಲಿ ಎಳೆಯುತ್ತದೆ, ತನ್ನ ನಿರ್ವಹಣೆಗೆ ಸುಮಾರು 0.6 ಮೈಕ್ರೊಆಂಪಿಯರ್ ಮಾತ್ರ ಬಳಸುತ್ತದೆ.

ಗದ್ದಲ ತಗ್ಗಲೆಂದು 3 ಮೆಗಾಓಮ್‌ಗೆ ಅಡ್ಡಲಾಗಿ 10 ನ್ಯಾನೋಫ್ಯಾರಡ್ ಹಾಕುವ ಅಭ್ಯಾಸ ಕೆಲವರಿಗಿದೆ. ಇವೆರಡರ ಗುಣಲಬ್ಧ 30 ಮಿಲಿಸೆಕೆಂಡ್. ನಮ್ಮ ತುಂಬಿಸುವ ಕೆಲಸ ಒಂದೆರಡು ಮಿಲಿಸೆಕೆಂಡಿನಲ್ಲಿ ಮುಗಿಯುವಂಥದ್ದು. ಕಂಪ್ಯಾರೇಟರಿಗೆ ಸುದ್ದಿ ಮುಟ್ಟುವಷ್ಟರಲ್ಲಿ ವೋಲ್ಟೇಜ್ 405ನ್ನು ದಾಟಿ ಎಲ್ಲಿಗೋ ಹೋಗಿರುತ್ತದೆ. 100 ಪೈಕೋಫ್ಯಾರಡ್‌ಗಿಂತ ಹೆಚ್ಚು ಬೇಡ.

ಇಲ್ಲೊಂದು ಆಸೆ ಹುಟ್ಟುವುದು ಸಹಜ. 400ರ ಬದಲು ಮೊದಲ ಮೆಟ್ಟಿಲಿನ 133 ವೋಲ್ಟನ್ನೇ ಅಳೆದು ಮೂರರಿಂದ ಗುಣಿಸಿಕೊಂಡರೆ ಡಿವೈಡರಿನ 160 ಮೈಕ್ರೊವಾಟ್ 18ಕ್ಕೆ ಇಳಿಯುತ್ತದೆ. ಒಣ ಪ್ರದೇಶದವರಿಗೆ ಇದು ಒಳ್ಳೆಯ ಉಪಾಯವೇ. ಆದರೆ ತೇವದಿಂದ ಮೇಲಿನ ಮೆಟ್ಟಿಲು ಸೋರತೊಡಗಿದಾಗ ಕೆಳಗಿನ ಮೆಟ್ಟಿಲು ತನ್ನ 133ನ್ನು ಹಿಡಿದುಕೊಂಡೇ ಇರುತ್ತದೆ. ಮೇಲೆ 400 ಇಳಿದು 300 ಆದರೂ ಕಂಪ್ಯಾರೇಟರಿಗೆ ಗೊತ್ತಾಗುವುದಿಲ್ಲ. ಮಾಪಕ ಕಡಿಮೆ ಎಣಿಕೆ ತೋರಿಸುತ್ತಾ ಸುಮ್ಮನಿರುತ್ತದೆ. ವಿಕಿರಣ ಮಾಪಕ ಮಾಡಬಹುದಾದ ಅತ್ಯಂತ ಕೆಟ್ಟ ತಪ್ಪು ಅದು. ವರ್ಷಕ್ಕೆ 7,000 ಮಿಲಿಮೀಟರ್ ದಾಟಿ ಮಳೆ ಸುರಿಯುವ ಆಗುಂಬೆಯಂಥ ಊರಿನ ಪಕ್ಕದಲ್ಲಿರುವ ನಾನು ಮೇಲಿನಿಂದಲೇ ಅಳೆಯುತ್ತೇನೆ.

ಹೆಜ್ಜೆ 6: ತುಂಬಿಸುವ ಕ್ರಮ

ಕೊನೆಯ ಕೆಪಾಸಿಟರ್ 10 ನ್ಯಾನೋಫ್ಯಾರಡ್, ಹೊರಹರಿವು (200 ಮೈಕ್ರೊವಾಟನ್ನು 400 ವೋಲ್ಟಿನಿಂದ ಭಾಗಿಸಿದರೆ) 0.5 ಮೈಕ್ರೊಆಂಪಿಯರ್. ಆದ್ದರಿಂದ ವೋಲ್ಟೇಜ್ ಸೆಕೆಂಡಿಗೆ ಸುಮಾರು 50 ವೋಲ್ಟಿನಂತೆ ಇಳಿಯುತ್ತದೆ. 405ರಿಂದ 395ಕ್ಕೆ ಬರಲು ಐದನೇ ಒಂದು ಸೆಕೆಂಡ್. ಆಗ ಕಂಪ್ಯಾರೇಟರ್ ಮೈಕ್ರೊಕಂಟ್ರೋಲರನ್ನು ಎಬ್ಬಿಸುತ್ತದೆ. ಅದು 50 ಮೈಕ್ರೊಸೆಕೆಂಡಿಗೊಂದರಂತೆ 33 ಪಲ್ಸ್ ಕೊಟ್ಟು ಮತ್ತೆ ಮಲಗುತ್ತದೆ. ಸೆಕೆಂಡಿಗೆ ಒಟ್ಟು 170 ಪಲ್ಸ್, ಬ್ಯಾಟರಿಯಿಂದ 300 ಮೈಕ್ರೊವಾಟಿನಷ್ಟು. 2,000 ಮಿಲಿಆಂಪಿಯರ್ ಅವರ್‌ನ ಮೂರು ಸೆಲ್‌ಗಳಲ್ಲಿರುವ 7.2 ವಾಟ್ ಅವರ್ ಇದಕ್ಕೆ 20,000 ಗಂಟೆಗೂ ಹೆಚ್ಚು ಸಾಕು. ಅಷ್ಟರೊಳಗೆ ಸೆಲ್‌ಗಳು ತಾವಾಗಿಯೇ ಬರಿದಾಗಿರುತ್ತವೆ. ಅದೇ 10 ಮೆಗಾಓಮ್ ಡಿವೈಡರ್ ಇದ್ದಿದ್ದರೆ ಹನ್ನೆರಡು ದಿನ.

ಪ್ರೋಗ್ರಾಮಿನಲ್ಲಿ ಎರಡು ಕಟ್ಟುಪಾಡು ಇರಲಿ. ಒಂದು, ಸತತ 3,000 ಪಲ್ಸ್ ಕೊಟ್ಟರೂ ವೋಲ್ಟೇಜ್ ಮುಟ್ಟದಿದ್ದರೆ ನಿಲ್ಲಿಸಿ ದೋಷ ತೋರಿಸಬೇಕು. ಇನ್ನೊಂದು, ಎರಡು ತುಂಬಿಸುವಿಕೆಗಳ ನಡುವಿನ ಅಂತರವನ್ನು ಸದಾ ಅಳೆದು ಪರದೆಯ ಮೇಲೆ ತೋರಿಸಬೇಕು. ಈ ಅಂತರವೇ ನಿಮ್ಮ ಸೋರಿಕೆ ಮಾಪಕ, ಅದಕ್ಕೆ ಬಿಡಿಕಾಸಿನ ಖರ್ಚಿಲ್ಲ. ಹಿನ್ನೆಲೆ ಎಣಿಕೆ ಹಾಗೆಯೇ ಇದ್ದು ಅಂತರ 200 ಮಿಲಿಸೆಕೆಂಡಿನಿಂದ 50ಕ್ಕೆ ಬಿದ್ದರೆ ಸೋರಿಕೆ ನಾಲ್ಕು ಪಟ್ಟಾಗಿದೆಯೆಂದು ನೇರವಾಗಿ ಓದಿಕೊಳ್ಳಬಹುದು.

ಹೆಜ್ಜೆ 7: ಬೋರ್ಡು, ತೇವ ಮತ್ತು ಬೂಸ್ಟು (ಶಿಲೀಂಧ್ರ)

400 ವೋಲ್ಟಿನ ಗೆರೆಯಿಂದ ನೆಲಕ್ಕೆ ತೇವದ ಪೊರೆಯೊಂದು 100 ಮೆಗಾಓಮ್ ದಾರಿ ಮಾಡಿಕೊಟ್ಟರೂ ಸೋರಿಕೆ 1.6 ಮಿಲಿವಾಟ್, ಇಡೀ ಬಜೆಟ್ಟಿನ ಎಂಟು ಪಟ್ಟು. 100 ಮೆಗಾಓಮ್ ಎಂಬುದು ಮಾಮೂಲಿ ಮಲ್ಟಿಮೀಟರಿನ ಅಳತೆಗೂ ಸಿಗದಷ್ಟು ದೊಡ್ಡದು. ಹಾಗಾಗಿ ಮೀಟರ್ ಹಚ್ಚಿ "ಎಲ್ಲ ಸರಿಯಿದೆ" ಎನ್ನುವುದಕ್ಕೆ ಬೆಲೆಯಿಲ್ಲ.

ಹೆಚ್ಚಿನ ವೋಲ್ಟೇಜಿನ ಭಾಗವೆಲ್ಲ ಬೋರ್ಡಿನ ಒಂದೇ ಮೂಲೆಯಲ್ಲಿರಲಿ, ಅದರ ಕೆಳಗೆ ನೆಲದ ತಾಮ್ರ ಹಾಯಬಾರದು. 400 ವೋಲ್ಟಿನ ಗೆರೆ ಮತ್ತು ಉಳಿದವುಗಳ ನಡುವೆ 4 ಮಿಲಿಮೀಟರಾದರೂ ಬಿಡಿ. ಸಾಧ್ಯವಾದರೆ ಆ ನಡುವೆ ಬೋರ್ಡನ್ನೇ ಸೀಳಿ. ಮೇಲ್ಮೈಯೇ ಇಲ್ಲದ ಕಡೆ ತೇವದ ಪೊರೆ ಕೂರಲಾರದು. ಹತ್ತು ರೆಸಿಸ್ಟರುಗಳ ಸಾಲನ್ನು ಮಡಚಿ ತುದಿಗಳನ್ನು ಹತ್ತಿರ ತರಬೇಡಿ, ಉದ್ದಕ್ಕೆ ಹರಡಿ.

ಬೆಸುಗೆ ಮುಗಿದ ಮೇಲೆ ತೊಳೆಯುವುದೇ ಅತಿ ಮುಖ್ಯ ಕೆಲಸ. "ತೊಳೆಯಬೇಕಿಲ್ಲ" ಎಂದು ಬರೆದ ಫ್ಲಕ್ಸನ್ನೂ ತೊಳೆಯಿರಿ. ಆ ಮಾತು 5 ವೋಲ್ಟಿನ ಬೋರ್ಡಿಗೆ ಸರಿ, ಗಿಗಾಓಮಿನ ಬೋರ್ಡಿಗಲ್ಲ. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಹಲ್ಲುಜ್ಜುವ ಬ್ರಶ್ಶಿನಿಂದ ಉಜ್ಜಿ, ಆ ಕೊಳೆಯನ್ನು ಅಲ್ಲೇ ಒಣಗಲು ಬಿಡದೆ ಹೊಸ ಆಲ್ಕೊಹಾಲಿನಿಂದ ಇನ್ನೊಮ್ಮೆ ತೊಳೆದು ಹರಿಸಿ. ಆಮೇಲೆ ಬರಿಗೈಯಲ್ಲಿ ಮುಟ್ಟಬೇಡಿ, ಬೆರಳಿನ ಉಪ್ಪೂ ತೇವ ಹೀರುತ್ತದೆ. 60 ಡಿಗ್ರಿಯ ಬೆಚ್ಚಗಿನ ಗಾಳಿಯಲ್ಲಿ ಕೆಲವು ಗಂಟೆ ಒಣಗಿಸಿ, ಬೋರ್ಡ್ ಬೆಚ್ಚಗಿರುವಾಗಲೇ ಆಕ್ರಿಲಿಕ್ ಅಥವಾ ಸಿಲಿಕೋನ್ ಲೇಪನ ಕೊಡಿ. ಒದ್ದೆ ಬೋರ್ಡಿನ ಮೇಲೆ ಲೇಪ ಹಚ್ಚಿದರೆ ತೇವವನ್ನು ಒಳಗೇ ಕೂಡಿಹಾಕಿದಂತಾಗುತ್ತದೆ. ಆದ್ದರಿಂದ ಈ ಕೆಲಸವನ್ನು ಮಾರ್ಚ್, ಏಪ್ರಿಲ್‌ನಲ್ಲೇ ಮುಗಿಸುವುದು ಜಾಣತನ. ಮಳೆಗಾಲದಲ್ಲೇ ಮಾಡಬೇಕಾಗಿ ಬಂದವರು ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಲು ಹೋಗಬೇಡಿ: ಶಾಖವೇನೋ ಇದೆ, ಆದರೆ ಹೊಗೆಯ ಮಸಿ ಕೂತ ಬೋರ್ಡು ತೊಳೆಯದ ಬೋರ್ಡಿಗಿಂತ ಕಡೆ. ಪೆಟ್ಟಿಗೆಗೆ ರಬ್ಬರ್ ಅಂಚು ಮತ್ತು ಒಳಗೊಂದು ಸಿಲಿಕಾ ಜೆಲ್ ಪೊಟ್ಟಣ ಇದ್ದರೆ ಬೂಸ್ಟು ಹಿಡಿಯುವುದೂ ತಪ್ಪುತ್ತದೆ.

ನಳಿಕೆಗೆ ಬೇಕಾದ 5.1 ಮೆಗಾಓಮ್ ರೆಸಿಸ್ಟರ್ ಅದರ ಧನ ತುದಿಗೆ ಒತ್ತಿಕೊಂಡೇ ಇರಲಿ. ಎಣಿಕೆಯ ಪಲ್ಸನ್ನು ಋಣ ತುದಿಯಲ್ಲಿ, ನೆಲಕ್ಕೆ ಹಾಕಿದ 100 ಕಿಲೋಓಮ್ ಮೇಲಿಂದ ತೆಗೆಯಿರಿ. 400 ವೋಲ್ಟಿನ ಬದಿಯಿಂದ ತೆಗೆದರೆ ಇನ್ನೊಂದು ಕೆಪಾಸಿಟರ್ ಬೇಕು, ಅದೂ ಇನ್ನೊಂದು ಸೋರುವ ಜಾಗವೇ.

ಹೆಜ್ಜೆ 8: ಅಳೆಯುವುದು, ಪರೀಕ್ಷಿಸುವುದು

ಮಲ್ಟಿಮೀಟರಿನ ಒಳ ರೆಸಿಸ್ಟೆನ್ಸ್ ಸಾಮಾನ್ಯವಾಗಿ 10 ಮೆಗಾಓಮ್. ಅದನ್ನು ನೇರವಾಗಿ 400 ವೋಲ್ಟಿಗೆ ಹಚ್ಚಿದರೆ 40 ಮೈಕ್ರೊಆಂಪಿಯರ್ ಎಳೆದು ಸರ್ಕ್ಯೂಟನ್ನು ಬಗ್ಗಿಸುತ್ತದೆ, ನೀವು ಓದುವುದು ಬಗ್ಗಿದ ವೋಲ್ಟೇಜನ್ನು. ಇನ್ನೊಂದು 1 ಗಿಗಾಓಮ್ ಸಾಲು ಮಾಡಿ, ಪಿವಿಸಿ ಕೊಳವೆಯೊಳಗಿಟ್ಟು ಮೀಟರಿನ ಕಡ್ಡಿಗೆ ಜೋಡಿಸಿ. ಮೀಟರ್ ತೋರಿಸಿದ್ದನ್ನು 101ರಿಂದ ಗುಣಿಸಿ. 3.96 ಕಂಡರೆ 400. ಹಚ್ಚಿದಾಗ ತುಂಬಿಸುವ ಅಂತರ ಹತ್ತಿರ ಹತ್ತಿರ ಅರ್ಧವಾಗುವುದನ್ನೂ ಗಮನಿಸಿ. ಆಗದಿದ್ದರೆ ಎಲ್ಲೋ ದೊಡ್ಡ ಸೋರಿಕೆ ಮೊದಲೇ ಇದೆ. ಆಫ್ ಮಾಡಿದ ಮೇಲೆ ಒಂದು ನಿಮಿಷ ಕಾದು ಕೈ ಹಾಕಿ, ಅಷ್ಟರಲ್ಲಿ ಡಿವೈಡರ್ ಮೂಲಕ ಎಲ್ಲವೂ ಬರಿದಾಗಿರುತ್ತದೆ.

ನಳಿಕೆಯನ್ನು ತೆಗೆದು ಹತ್ತು ನಿಮಿಷ ಎಣಿಸಿ ನೋಡಿ. ಸೊನ್ನೆ ಬರಬೇಕು. ಒಂದೆರಡು ಬಂದರೂ ಅದು ಬೂಸ್ಟ್ ಪಲ್ಸ್ ಎಣಿಕೆಯ ಗೆರೆಗೆ ಹಾರಿದ್ದು. ತುಂಬಿಸುವ ಆ ಎರಡು ಮಿಲಿಸೆಕೆಂಡು ಎಣಿಕೆಯನ್ನು ಕಿವುಡಾಗಿಸಿದರೆ ನಿಲ್ಲುತ್ತದೆ.

ನಳಿಕೆ ಹಾಕಿ ಪರೀಕ್ಷಿಸಲು ವಿಕಿರಣ ಮೂಲವನ್ನು ಹುಡುಕಿಕೊಂಡು ಹೋಗಬೇಡಿ. ಅಂಥ ಮೂಲಗಳ ಬಳಕೆ 1983ರಲ್ಲಿ ಸ್ಥಾಪನೆಯಾದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಕಟ್ಟಳೆಗೆ ಒಳಪಟ್ಟಿದೆ, ಅದರ ಅಗತ್ಯವೂ ನಮಗಿಲ್ಲ. ಅಡಿಕೆ ತೋಟವಿದ್ದವರ ಮನೆಯಲ್ಲಿ ಪೊಟ್ಯಾಷ್ ಗೊಬ್ಬರದ ಚೀಲ ಇದ್ದೇ ಇರುತ್ತದೆ. ನೈಸರ್ಗಿಕ ಪೊಟ್ಯಾಸಿಯಂನ ಒಂದು ಗ್ರಾಮಿನಲ್ಲಿ ಸೆಕೆಂಡಿಗೆ ಸುಮಾರು 31 ಪರಮಾಣುಗಳು ವಿಘಟಿಸುತ್ತವೆ. ಗೊಬ್ಬರದ ತೂಕದಲ್ಲಿ ಅರ್ಧದಷ್ಟು ಪೊಟ್ಯಾಸಿಯಂ ಇರುವುದರಿಂದ ಒಂದು ಕಿಲೋಗೆ 15,000ಕ್ಕೂ ಹೆಚ್ಚು. ತೆಳು ಪ್ಲಾಸ್ಟಿಕ್ಕಿನಲ್ಲಿ ಒಂದು ಕಿಲೋ ಕಟ್ಟಿ ನಳಿಕೆಗೆ ಒತ್ತಿಡಿ. ಎಸ್‌ಬಿಎಂ-20ರ 0.05 ಮಿಲಿಮೀಟರ್ ಉಕ್ಕಿನ ಗೋಡೆಯನ್ನು ಬೀಟಾ ಕಣಗಳಲ್ಲಿ ಒಂದು ಪಾಲು ದಾಟಿ ಬರುತ್ತವೆ. ಚೀಲ ಇಟ್ಟು ಹತ್ತು ನಿಮಿಷ, ತೆಗೆದು ಹತ್ತು ನಿಮಿಷ ಎಣಿಸಿ; ವ್ಯತ್ಯಾಸ 50ಕ್ಕಿಂತ ಕಡಿಮೆಯಿದ್ದರೆ ಅದನ್ನು ನಂಬದೆ ಇನ್ನೂ ಹೆಚ್ಚು ಹೊತ್ತು ಎಣಿಸಿ. ಯಕ್ಷಗಾನದ ಕಾಲದ ಪೆಟ್ರೋಮ್ಯಾಕ್ಸ್ ದೀಪದ ಹಳೆಯ ಮ್ಯಾಂಟಲ್ ಅಟ್ಟದಲ್ಲಿ ಉಳಿದಿದ್ದರೆ ಅದರಲ್ಲಿ ಥೋರಿಯಂ ಇರಬಹುದು, ಎಣಿಕೆ ಇನ್ನೂ ಚುರುಕಾಗಿ ಏರುತ್ತದೆ. ಪೊಟ್ಟಣ ಬಿಚ್ಚದೆ ಹೊರಗಿನಿಂದಲೇ ಹಿಡಿಯಿರಿ, ಅದರ ಪುಡಿ ಉಸಿರಿಗೆ ಹೋಗಬಾರದು.

ಕೊನೆಗೆ ಏಪ್ರಿಲ್‌ನ ಒಂದು ಒಣ ಮಧ್ಯಾಹ್ನ ತುಂಬಿಸುವ ಅಂತರ ಎಷ್ಟಿತ್ತೆಂದು ನೋಡಿ, ದಿನಾಂಕದೊಂದಿಗೆ ಪೆಟ್ಟಿಗೆಯ ಮುಚ್ಚಳದ ಒಳಗೆ ಬರೆದು ಅಂಟಿಸಿ. ನನ್ನದರಲ್ಲಿ ಈಗ 210 ಮಿಲಿಸೆಕೆಂಡ್ ಎಂದಿದೆ. ಆರಿದ್ರಾ ಮಳೆ ಹಿಡಿದಾಗ ಮುಚ್ಚಳ ತೆಗೆದು ಪರದೆಯ ಅಂಕಿಯನ್ನು ಅದರೊಂದಿಗೆ ಹೋಲಿಸುತ್ತೇನೆ. 150ಕ್ಕಿಂತ ಕೆಳಗಿಳಿದಿದ್ದರೆ ಸಿಲಿಕಾ ಜೆಲ್ ಬದಲಿಸುತ್ತೇನೆ, 100ಕ್ಕಿಂತ ಕೆಳಗಾದರೆ ಬ್ರಶ್ಶು, ಆಲ್ಕೊಹಾಲು ಹೊರಗೆ ಬರುತ್ತವೆ.